28 ದಿನದೊಳಗೆ ಮುಗಿಯುವ ಕೆಲಸ

ನರಮಂಡಲದ ಅಂಗರಚನೆಯನ್ನು ಮೊದಲು ಬೇಗ ಮುಗಿಸಿಬಿಡೋಣ. ತಲೆಬುರುಡೆಯೊಳಗಿನ ಮಿದುಳು, ಬೆನ್ನೆಲುಬಿನ ಕಾಲುವೆಯೊಳಗೆ ಇಳಿಯುವ ಬೆನ್ನುಹುರಿ, ಇವೆರಡೂ ಸೇರಿದರೆ ಕೇಂದ್ರ ನರಮಂಡಲ. ಮಿದುಳಿನಿಂದ ಹೊರಡುವ 12 ಜೋಡಿ ಮತ್ತು ಬೆನ್ನುಹುರಿಯಿಂದ ಹೊರಡುವ 31 ಜೋಡಿ ನರಗಳು ಹೊರ ನರಮಂಡಲಕ್ಕೆ ಸೇರಿದವು. ವಯಸ್ಕರ ಮಿದುಳು 1300ರಿಂದ 1400 ಗ್ರಾಂ ತೂಗುತ್ತದೆ, ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಈ ಲೆಕ್ಕಗಳನ್ನು ಬಾಯಿಪಾಠ ಮಾಡಿದವರೂ ಎಡವುವುದು ಒಂದು ಕಡೆ. ಮಿದುಳು ಬೇರೆ ಹುಟ್ಟಿ, ಬೆನ್ನುಹುರಿ ಬೇರೆ ಹುಟ್ಟಿ, ಆಮೇಲೆ ಎರಡನ್ನೂ ಜೋಡಿಸಿದ್ದಾರೆ ಎಂದೇ ಹಲವರು ತಿಳಿದಿರುತ್ತಾರೆ. ಎರಡೂ ಒಂದೇ ಕೊಳವೆ. ಅದರ ಮೇಲಿನ ತುದಿ ಉಬ್ಬಿ ಮಿದುಳಾಯಿತು, ಉಳಿದದ್ದು ಬೆನ್ನುಹುರಿಯಾಯಿತು. ಕೊಳವೆಯ ಟೊಳ್ಳು ಈಗಲೂ ನಮ್ಮೆಲ್ಲರ ಮಿದುಳಿನ ನಡುವೆ ಇದೆ. ಕುಹರಗಳೆಂದು ಕರೆಯುವ ಆ ಜಾಗಗಳಲ್ಲಿ ತಿಳಿನೀರಿನಂಥ ದ್ರವ ಹರಿಯುತ್ತಿರುತ್ತದೆ.

ಈ ಕೊಳವೆ ಹೇಗಾಗುತ್ತದೆ ಎಂಬುದು ಇಡೀ ಜೀವಶಾಸ್ತ್ರದಲ್ಲೇ ನನಗೆ ಅತಿ ಪ್ರಿಯವಾದ ಸಂಗತಿ.

ಗರ್ಭ ನಿಂತ ಮೂರನೇ ವಾರದಲ್ಲಿ ಭ್ರೂಣ ಮೂರು ಪದರದ ಒಂದು ಚಪ್ಪಟೆ ಬಿಲ್ಲೆ. ಒಳಪದರ ಕರುಳು, ಶ್ವಾಸಕೋಶಗಳ ಒಳಮೈ ಆಗುತ್ತದೆ. ನಡುವಿನದು ಎಲುಬು, ಸ್ನಾಯು, ರಕ್ತ. ಹೊರಪದರದಿಂದ ಚರ್ಮ ಬರುತ್ತದೆ, ಮಿದುಳೂ ಅಲ್ಲಿಂದಲೇ ಬರುತ್ತದೆ. ದೇಹದ ಅತಿ ಒಳಗೆ, ಮೂಳೆಯ ಕೋಟೆಯಲ್ಲಿ ಅಡಗಿರುವ ಅಂಗ ಹುಟ್ಟಿದ್ದು ಮೈಮೇಲಿನ ಪದರದಿಂದ! ಸುಮಾರು 18ನೇ ದಿನ ಆ ಹೊರಪದರದ ನಡುವಿನ ಒಂದು ಪಟ್ಟಿ ದಪ್ಪಗಾಗುತ್ತದೆ. ಪಟ್ಟಿಯ ಎರಡೂ ಅಂಚು ಮೇಲೇಳುತ್ತವೆ, ನಡುವೆ ತೋಡು ಬೀಳುತ್ತದೆ. 22ನೇ ದಿನದ ಹೊತ್ತಿಗೆ ಅಂಚುಗಳು ಕುತ್ತಿಗೆಯ ಜಾಗದಲ್ಲಿ ಒಂದನ್ನೊಂದು ಮುಟ್ಟಿ ಬೆಸೆದುಕೊಳ್ಳುತ್ತವೆ. ಬೆಂಗಳೂರಿನ ಗೊರಗುಂಟೆಪಾಳ್ಯ, ಪೀಣ್ಯದ ಗಾರ್ಮೆಂಟ್ಸ್‌ಗಳಲ್ಲಿ ತೋಳು ಹೊಲಿಯುವ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸುವುದು ಸಲೀಸು: ಚಪ್ಪಟೆ ಬಟ್ಟೆಯ ಎರಡು ಅಂಚು ಕೂಡಿಸಿ ಹೊಲಿದರೆ ತೋಳು. ಇಲ್ಲಿ ಹೊಲಿಗೆ ನಡುವಿನಿಂದ ಶುರುವಾಗಿ ಎರಡೂ ಕಡೆಗೆ ಓಡುತ್ತದೆ, ತುದಿಗಳು ಕೊನೆಯಲ್ಲಿ ಮುಚ್ಚುತ್ತವೆ. ತಲೆಯ ಕಡೆಯ ತುದಿ 25ನೇ ದಿನದ ಸುಮಾರಿಗೆ, ಬಾಲದ ಕಡೆಯದು 27–28ನೇ ದಿನಕ್ಕೆ. ಆಗ ಭ್ರೂಣದ ಉದ್ದ ಸುಮಾರು 4 ಮಿಲಿಮೀಟರ್. ತಲೆಯ ಕಡೆ ಮುಚ್ಚದೆ ಹೋದರೆ ಮಿದುಳೂ ಬುರುಡೆಯೂ ಬೆಳೆಯುವುದಿಲ್ಲ, ಆ ಮಗು ಬದುಕುವುದಿಲ್ಲ. ಕೆಳಗೆ ಮುಚ್ಚದಿದ್ದರೆ ಮಗು ಬೆನ್ನಿನ ಮೇಲೆ ತೆರೆದ ಸೀಳು ಅಥವಾ ಗಂಟು ಹೊತ್ತು ಹುಟ್ಟುತ್ತದೆ. ಇದಕ್ಕೆ ಸ್ಪೈನಾ ಬೈಫಿಡಾ ಎನ್ನುತ್ತಾರೆ. ಶಸ್ತ್ರಚಿಕಿತ್ಸೆಯಿಂದ ಮುಚ್ಚಬಹುದು, ಆದರೆ ಕಾಲಿನ ಬಲ, ಮಲಮೂತ್ರದ ಹಿಡಿತ ಪೂರ್ತಿ ಮರಳುವುದು ಕಷ್ಟ.

ಹೊರಪದರದ ಆ ಪಟ್ಟಿಗೆ ಮಾತ್ರ ನರವಾಗು ಎಂದು ಯಾರು ಹೇಳಿದರು? 1924ರಲ್ಲಿ ಜರ್ಮನಿಯ ಹಾನ್ಸ್ ಸ್ಪೇಮನ್ ಮತ್ತು ಅವರ ವಿದ್ಯಾರ್ಥಿನಿ ಹಿಲ್ಡೆ ಮ್ಯಾಂಗೋಲ್ಡ್ ಒಂದು ಪ್ರಯೋಗ ಪ್ರಕಟಿಸಿದರು. ನ್ಯೂಟ್ ಎಂಬ ಉಭಯಚರದ ಭ್ರೂಣದಿಂದ ಒಂದು ಚಿಕ್ಕ ಚೂರು ತೆಗೆದು ಇನ್ನೊಂದು ಭ್ರೂಣದ ಹೊಟ್ಟೆಯ ಕಡೆ ಕಸಿ ಮಾಡಿದಾಗ, ಅಲ್ಲಿ ಎರಡನೆಯ ನರಕೊಳವೆಯೇ ಎದ್ದಿತು. ಕಸಿ ಮಾಡಿದ ಚೂರು ತನ್ನ ಸುತ್ತಲ ಜೀವಕೋಶಗಳಿಗೆ ನರವಾಗುವಂತೆ ಆಜ್ಞೆ ಕೊಡುತ್ತಿದೆ ಎಂದೇ ಎಲ್ಲರೂ ಅಂದುಕೊಂಡರು. 1990ರ ದಶಕದಲ್ಲಿ ಸಿಕ್ಕ ಉತ್ತರ ಅದಕ್ಕಿಂತ ಸೊಗಸಾದದ್ದು. ಹೊರಪದರದ ಜೀವಕೋಶಗಳನ್ನು ಅವುಗಳ ಪಾಡಿಗೆ ಬಿಟ್ಟರೆ ಅವು ನರವಾಗುವತ್ತಲೇ ವಾಲುತ್ತವೆ. ‘ಚರ್ಮವಾಗು’ ಎಂಬ ಸಂದೇಶದ ಪ್ರೋಟೀನು ಸುತ್ತೆಲ್ಲ ಹರಡಿರುವುದರಿಂದ ಉಳಿದವೆಲ್ಲ ಚರ್ಮವಾಗುತ್ತವೆ. ನಾಗಿನ್, ಕಾರ್ಡಿನ್ ಎಂಬ ಪ್ರೋಟೀನುಗಳು ಆ ಸಂದೇಶವನ್ನು ತಡೆದ ಜಾಗದಲ್ಲಷ್ಟೇ ನರದ ಪಟ್ಟಿ ಉಳಿಯುತ್ತದೆ. ಕಸಿಯ ಆ ಪ್ರಯೋಗಕ್ಕೆ 1935ರಲ್ಲಿ ಸ್ಪೇಮನ್ ಅವರಿಗೆ ನೊಬೆಲ್ ಬಂತು. ಕೈಯಾರೆ ಕಸಿ ಮಾಡಿದ ಹಿಲ್ಡೆ 1924ರಲ್ಲೇ ಬೆಂಕಿ ಅವಘಡದಲ್ಲಿ ತೀರಿಕೊಂಡಿದ್ದರು. ಆಕೆಯ ಹೆಸರನ್ನು ಮಕ್ಕಳಿಗೆ ಹೇಳಿಕೊಡಬೇಕು.

ಇನ್ನು ದಿನಗಳ ಲೆಕ್ಕ. ಇಲ್ಲಿ ಎಡವಿದರೆ ಮಗುವಿಗೆ ಪೆಟ್ಟು, ಆದ್ದರಿಂದ ನಿಧಾನವಾಗಿ ಓದಿ. ವೈದ್ಯರು ಬಸಿರನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಗರ್ಭ ಕಟ್ಟುವುದು ಅದಾದ ಸುಮಾರು ಎರಡು ವಾರಕ್ಕೆ. ಸ್ಕ್ಯಾನಿಂಗ್ ವರದಿಯಲ್ಲಿ 6 ವಾರ ಎಂದಿದ್ದರೆ ಭ್ರೂಣದ ನಿಜ ವಯಸ್ಸು 4 ವಾರ, ಅಂದರೆ ಕೊಳವೆ ಆಗಲೇ ಮುಚ್ಚಿದೆ. ಮುಟ್ಟು ತಪ್ಪುವ ದಿನ ಭ್ರೂಣಕ್ಕೆ 14 ದಿನ. ‘ಓಡಾಟ ಜಾಸ್ತಿಯಾಯಿತು, ಅದಕ್ಕೇ ಹಿಂದೆ ಹೋಗಿರಬೇಕು’ ಎಂದು ಇನ್ನೊಂದು ವಾರ ಕಾದರೆ 21 ದಿನ. ರಜೆ ಸಿಗಲಿ ಎಂದು ಮತ್ತೊಂದು ವಾರ ತಳ್ಳಿದರೆ 28. ಪಾಳಿಯಲ್ಲಿ ದುಡಿಯುವ ಹೆಂಗಸು ಪರೀಕ್ಷೆ ಮಾಡಿಸಿ, ಆಶಾ ಕಾರ್ಯಕರ್ತೆಗೆ ತಿಳಿಸಿ, ತಾಯಿ ಕಾರ್ಡ್ ಕೈಗೆ ಬರುವಷ್ಟರಲ್ಲಿ ಕೊಳವೆ ಮುಚ್ಚುವ ಕೆಲಸ ಮುಗಿದೇಹೋಗಿರುತ್ತದೆ.

ಕೊಳವೆ ಸರಿಯಾಗಿ ಮುಚ್ಚಲು ಬೇಕಾದ ಜೀವಸತ್ವ ಫೋಲೇಟ್. ಇದರ ಕಥೆ ಶುರುವಾಗುವುದೂ ನಮ್ಮ ದೇಶದ ಕಾರ್ಮಿಕ ಮಹಿಳೆಯರಿಂದಲೇ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ವೈದ್ಯೆ ಮುಂಬೈಗೆ ಬಂದು, ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಸುರಿಯರ ರಕ್ತಹೀನತೆಯನ್ನು ಅಧ್ಯಯನ ಮಾಡಿದರು. ಯೀಸ್ಟ್ ಸಾರದಿಂದ ಅದು ವಾಸಿಯಾಗುವುದನ್ನು 1931ರಲ್ಲಿ ಪ್ರಕಟಿಸಿದರು. ಅದರೊಳಗಿನ ವಸ್ತುವಿಗೆ ಫೋಲಿಕ್ ಆಮ್ಲ ಎಂಬ ಹೆಸರು ಬಂದದ್ದು 1941ರಲ್ಲಿ, ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದಾಗ. ನರಕೊಳವೆಗೂ ಅದಕ್ಕೂ ಇರುವ ನಂಟು ಖಚಿತವಾಗಲು 1991ರವರೆಗೆ ಕಾಯಬೇಕಾಯಿತು. ಒಮ್ಮೆ ನರಕೊಳವೆ ಮುಚ್ಚದ ಮಗು ಹೆತ್ತವರಿಗೆ ಮುಂದಿನ ಬಸಿರಿಗೆ ಮೊದಲಿನಿಂದಲೇ ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಮ್ಲ ಕೊಟ್ಟಾಗ, ಮತ್ತೆ ಹಾಗಾಗುವ ಸಂಭವ ಶೇಕಡಾ 72ರಷ್ಟು ಇಳಿಯಿತು. ಉಳಿದ ಹೆಂಗಸರಿಗೆ ದಿನಕ್ಕೆ 400 ಮೈಕ್ರೋಗ್ರಾಂ ಸಾಕು, ಬಸಿರಿಗೆ ಮುಂಚಿನಿಂದ ಮೂರನೇ ತಿಂಗಳ ಕೊನೆವರೆಗೆ. ಸರ್ಕಾರದ ಮಾರ್ಗಸೂಚಿಯಲ್ಲೂ ಇದೇ ಇದೆ. ಆದರೆ ನಾಲ್ಕನೇ ತಿಂಗಳಿಂದ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಕೆಂಪು ಮಾತ್ರೆ ನುಂಗಿದವರು ಮಗುವಿನ ಮಿದುಳಿಗೆ ಬೇಕಾದದ್ದು ಆಯಿತು ಎಂದು ನೆಮ್ಮದಿಯಾಗಿರುತ್ತಾರೆ. ಆ ಮಾತ್ರೆ ತಾಯಿಯ ರಕ್ತಕ್ಕೆ ಬೇಕೇ ಬೇಕು, ಬಿಡಬಾರದು. ನರಕೊಳವೆಯ ಪಾಲಿಗೆ ಮಾತ್ರ ಅದು ತಡವಾಗಿ ಬಂದ ನೆಂಟ. ಮೂರ್ಛೆರೋಗಕ್ಕೆ ವಾಲ್ಪ್ರೋಯೇಟ್ ಮಾತ್ರೆ ತೆಗೆದುಕೊಳ್ಳುವವರು, ಸಕ್ಕರೆ ಕಾಯಿಲೆ ಇರುವವರು ಮಗು ಬೇಕೆಂದು ಅಂದುಕೊಂಡಾಗಲೇ ವೈದ್ಯರನ್ನು ಕಾಣಬೇಕು. ಮಾತ್ರೆಯನ್ನು ತಾವೇ ನಿಲ್ಲಿಸುವುದು ಅಪಾಯ.

ಫೋಲೇಟ್ ಸೊಪ್ಪು, ಹೆಸರುಕಾಳು, ಕಡಲೆಗಳಲ್ಲಿ ಸಿಗುತ್ತದೆ. ನೀರಿನಲ್ಲಿ ಕರಗುತ್ತದೆ, ಹೆಚ್ಚು ಬೇಯಿಸಿದರೆ ಕೆಡುತ್ತದೆ. ಸೊಪ್ಪು ಕಾಳು ಬೇಯಿಸಿದ ನೀರನ್ನು ಚೆಲ್ಲಿದರೆ ಅದರ ಜೊತೆ ಹೋಗುತ್ತದೆ. ಆ ಕಟ್ಟನ್ನೇ ಸಾರು ಮಾಡುವ ನಮ್ಮ ಬಸ್ಸಾರು ಎಷ್ಟು ಜಾಣ ಅಡುಗೆ ನೋಡಿ! ಹಾಗೆಂದು ಬಸ್ಸಾರು ಮಾತ್ರೆಯ ಬದಲಿಯಲ್ಲ, ಎರಡೂ ಇರಲಿ.

ನರಕೊಳವೆ ಮುಚ್ಚದೆ ಮಗು ಹುಟ್ಟಿದರೆ, ಗ್ರಹಣದ ದಿನ ಈಳಿಗೆಮಣೆ ಹಿಡಿದಳು ಎಂದು ತಾಯಿಯನ್ನು ಹಳಿಯುವ ಮನೆಗಳು ಇನ್ನೂ ಇವೆ. ಗ್ರಹಣಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಫೋಲಿಕ್ ಆಮ್ಲ ತಪ್ಪದೆ ತೆಗೆದುಕೊಂಡವರಿಗೂ ವಂಶವಾಹಿಗಳ ಕಾರಣದಿಂದ ಒಮ್ಮೊಮ್ಮೆ ಹೀಗಾಗುತ್ತದೆ. ಆ ತಾಯಿಗೆ ಬೇಕಾದದ್ದು ಆಸರೆ, ವಿಚಾರಣೆಯಲ್ಲ.

ಭ್ರೂಣದ ಬೆಳವಣಿಗೆ ತಿಳಿದರೆ ಬಿಡುವ ಭಯ ಇನ್ನೊಂದಿದೆ. ಸಿಸೇರಿಯನ್ ವೇಳೆ ಬೆನ್ನಿಗೆ ಕೊಡುವ ಅರಿವಳಿಕೆ ಸೂಜಿ ಬೆನ್ನುಹುರಿಗೆ ಚುಚ್ಚುತ್ತದೆ ಎಂಬ ಭಯ ಅದು. ಮೂರನೇ ತಿಂಗಳಲ್ಲಿ ಬೆನ್ನುಹುರಿ ಕಾಲುವೆಯ ಕೊನೆಯವರೆಗೂ ಇರುತ್ತದೆ. ಆಮೇಲೆ ಬೆನ್ನೆಲುಬು ಬೇಗ ಬೆಳೆಯುತ್ತದೆ, ಹುರಿ ಹಿಂದೆ ಬೀಳುತ್ತದೆ. ವಯಸ್ಕರಲ್ಲಿ ಅದು ಸೊಂಟದ ಒಂದನೆಯ ಅಥವಾ ಎರಡನೆಯ ಮೂಳೆಯ ಹತ್ತಿರ ಮುಗಿಯುತ್ತದೆ. ಸೂಜಿ ಹೋಗುವುದು ಅದಕ್ಕಿಂತ ಕೆಳಗೆ. ಅಲ್ಲಿರುವುದು ದ್ರವದಲ್ಲಿ ಇಳಿಬಿದ್ದ ನರದ ಎಳೆಗಳು, ಅವು ಸೂಜಿಯಿಂದ ಸಾಮಾನ್ಯವಾಗಿ ಸರಿದುಕೊಳ್ಳುತ್ತವೆ.

ನಮ್ಮ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಮಿದುಳಿನ ಪಾಠವಿದೆ, ಅದರ ಬೆನ್ನಿಗೇ ಸಂತಾನೋತ್ಪತ್ತಿಯ ಪಾಠವಿದೆ. ಎರಡನ್ನೂ ಕೂಡಿಸುವ ಈ ಕೊಳವೆಯ ಮಾತು ಎರಡರಲ್ಲೂ ಇಲ್ಲ. ಆ ಪುಸ್ತಕ ಓದಿ ಮುಗಿಸಿದ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ ನೇರ ಕಾರ್ಖಾನೆಯ ಕೆಲಸಕ್ಕೂ ಮದುವೆಗೂ ಹೋಗುತ್ತಾರೆ. ಹಾಗಾಗಿ ಮೇಷ್ಟ್ರುಗಳಲ್ಲಿ, ತಾಯಂದಿರಲ್ಲಿ ಕೇಳಿಕೊಳ್ಳುತ್ತೇನೆ: ಆ ಎರಡು ಪಾಠಗಳ ನಡುವೆ ಅರ್ಧ ಗಂಟೆ ನಿಲ್ಲಿಸಿ ಇದನ್ನು ಹೇಳಿ. ಆಮೇಲೆ ಗೊರಗುಂಟೆಪಾಳ್ಯದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿಸಿ, ಲಾಲ್‌ಬಾಗ್‌ನಲ್ಲಿ ಇಳಿಸಿ, ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಅಲ್ಲಿನ ಮಿದುಳು ಸಂಗ್ರಹಾಲಯದಲ್ಲಿ ಸಾರ್ವಜನಿಕರು ನಿಜವಾದ ಮನುಷ್ಯನ ಮಿದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಭೇಟಿಯ ದಿನ, ಸಮಯ ಮೊದಲೇ ವಿಚಾರಿಸಿಕೊಳ್ಳಿ. ಅಡ್ಡಲಾಗಿ ಸೀಳಿದ ಮಿದುಳಿನ ನಡುವೆ ಕಾಣುವ ಟೊಳ್ಳು ಯಾವುದು, ಅದು ಅಲ್ಲಿಗೆ ಹೇಗೆ ಬಂತು ಎಂದು ಮಕ್ಕಳನ್ನೇ ಕೇಳಿ.