ಎರೆ ಹೊಲದ ಕಡಲೆಗೆ ಹೊಸ ಬಲ

ಬಳ್ಳಾರಿಯಿಂದ ಸಿರುಗುಪ್ಪದ ಕಡೆಗೆ ಹೊರಟವರಿಗೆ ತುಂಗಭದ್ರೆಯ ಕಾಲುವೆ ನೀರು ಹರಿಯುವಲ್ಲೆಲ್ಲ ಭತ್ತದ ಗದ್ದೆಗಳು ಕಾಣುತ್ತವೆ. ಆದರೆ ಸಿರುಗುಪ್ಪ, ಕುರುಗೋಡು ಭಾಗದಲ್ಲಿ ನೀರು ತಲುಪದ ಎರೆ ಹೊಲಗಳೂ ಇವೆ. ಅಲ್ಲಿ ಹಿಂಗಾರಿಗೆ ರೈತರು ನಂಬುವ ಬೆಳೆಗಳಲ್ಲಿ ಕಡಲೆಯೂ ಒಂದು. ಮಳೆಗಾಲ ಮುಗಿಯುವಾಗ ಬಿತ್ತಿದ ಬೀಜ ನೆಲದಲ್ಲಿ ಉಳಿದ ತೇವವನ್ನೇ ಹೀರಿ, ಚಳಿಗೆ ಬೆಳೆದು, ನೂರು ದಿನಗಳ ಆಸುಪಾಸಿನಲ್ಲಿ ಕಟಾವಿಗೆ ಬರುತ್ತದೆ. ಮುಂದಿನ ಜೂನ್ ತಿಂಗಳ ಶಾಲಾ ಫೀಸು, ಪುಸ್ತಕದ ಖರ್ಚಿಗೆ ಈ ಫಸಲನ್ನೇ ನೆಚ್ಚಿಕೊಂಡ ಮನೆಗಳುಂಟು.

ಇಂಥ ಹೊಲಕ್ಕೆ ಸೊರಗು ರೋಗ ಬಂದರೆ? ಫ್ಯುಸೇರಿಯಂ ಎಂಬ ಶಿಲೀಂಧ್ರ ಮಣ್ಣಿನಿಂದ ಬೇರಿಗೆ ನುಗ್ಗಿ ನೀರು ಸಾಗಿಸುವ ನಾಳಗಳನ್ನು ಮುಚ್ಚುತ್ತದೆ. ಹಸಿರು ಗಿಡ ನಿಂತಲ್ಲೇ ಬಾಡುತ್ತದೆ. ಕಡಲೆ ಬಿತ್ತದೆ ಬಿಟ್ಟರೂ ಈ ಶಿಲೀಂಧ್ರ ಆರು ವರ್ಷಗಳವರೆಗೆ ಮಣ್ಣಿನಲ್ಲಿ ಬದುಕಿರಬಲ್ಲದು.

ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಹೆಸರು ಹೊತ್ತ ‘ಅಣ್ಣಿಗೇರಿ-1’ ಉತ್ತರ ಕರ್ನಾಟಕದ ರೈತರಿಗೆ ದಶಕಗಳಿಂದ ಪರಿಚಿತ ತಳಿ. ಅದರ ದೊಡ್ಡ ಕೊರತೆ ಎಂದರೆ ಸೊರಗು ರೋಗವನ್ನು ತಡೆಯಲಾರದಿರುವುದು. ಊರಿಗೆ ಊರೇ ಒಂದೇ ತಳಿ ಬಿತ್ತಿದಾಗ ಒಂದು ಗಿಡವನ್ನು ಕೆಡವಿದ ರೋಗ ಉಳಿದವನ್ನೂ ಕೆಡವಬಲ್ಲದು. ಏಕೆಂದರೆ ಅವುಗಳ ವಂಶವಾಹಿಗಳು ಹೆಚ್ಚುಕಡಿಮೆ ಒಂದೇ. ಕಡಲೆ ಹೂವು ಅರಳುವ ಮೊದಲೇ ಸ್ವಕೀಯ ಪರಾಗಸ್ಪರ್ಶ ಮುಗಿದಿರುತ್ತದೆ. ಹಾಗಾಗಿ ತಾನಾಗಿ ಬೆರಕೆಯಾಗುವುದು ಅಪರೂಪ.

ಈ ಬೆರಕೆಯನ್ನು ತಳಿ ವಿಜ್ಞಾನಿ ಮಾಡಿಸುತ್ತಾನೆ. ಮೊಗ್ಗನ್ನು ಬಿಡಿಸಿ, ಪರಾಗಕೋಶಗಳನ್ನು ಚಿಮಟದಿಂದ ತೆಗೆದು, ಬೇರೆ ತಳಿಯ ಪರಾಗವನ್ನು ಮುಟ್ಟಿಸುತ್ತಾನೆ. ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಮತ್ತು ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆ ಅಣ್ಣಿಗೇರಿ-1ಕ್ಕೆ ರೋಗ ತಡೆಯುವ ಗುಣವನ್ನು ತಂದದ್ದು ‘ಡಬ್ಲ್ಯು.ಆರ್. 315’ ಎಂಬ ತಳಿಯಿಂದ. ಬಂದ ಸಂತಾನವನ್ನು ಮತ್ತೆ ಮತ್ತೆ ಅಣ್ಣಿಗೇರಿಯೊಂದಿಗೇ ಸಂಕರ ಮಾಡಿದರೆ ಹೊರಗಿನ ತಳಿಯ ಪಾಲು ಅರ್ಧ, ಕಾಲು, ಅರೆಕಾಲು ಎಂದು ಇಳಿಯುತ್ತ ಹೋಗುತ್ತದೆ. ಬೇಕಾದ ವಂಶವಾಹಿ ಮಾತ್ರ ತಪ್ಪಿಹೋಗದಂತೆ ಪ್ರತಿ ಪೀಳಿಗೆಯಲ್ಲೂ ಸಸಿಗಳ ಡಿಎನ್‌ಎ ಗುರುತುಗಳನ್ನು ಪರೀಕ್ಷಿಸಿ ಆರಿಸಿಕೊಳ್ಳುತ್ತಾರೆ.

ಹೀಗೆ ಬಂದ ‘ಸೂಪರ್ ಅಣ್ಣಿಗೇರಿ-1’ 2019ರಲ್ಲಿ ಬಿಡುಗಡೆಗೆ ಆಯ್ಕೆಯಾಯಿತು. ಪ್ರಯೋಗಗಳಲ್ಲಿ ಅದರ ಇಳುವರಿ ಹಳೆಯದಕ್ಕಿಂತ ಸುಮಾರು ಶೇ 7ರಷ್ಟು ಹೆಚ್ಚು. ಹತ್ತು ಕ್ವಿಂಟಲ್ ಬೆಳೆಯುವಲ್ಲಿ 70 ಕಿಲೊ ಅಧಿಕ ಎಂದಾಯಿತು. ರೋಗದ ವರ್ಷದಲ್ಲಿ ಬೆಳೆ ಉಳಿಯುವುದು ಅದಕ್ಕಿಂತ ದೊಡ್ಡ ಲಾಭ.

ಇಷ್ಟಕ್ಕೇ ಕೆಲಸ ಮುಗಿಯಲಿಲ್ಲ. ಶಿಲೀಂಧ್ರದಲ್ಲೂ ಬೇರೆ ಬೇರೆ ಪ್ರಭೇದಗಳಿವೆ. ಇಂದು ತಡೆಯುವ ತಳಿ ನಾಳೆ ಸೋಲಬಹುದು. ಆಗ ಹೊಸ ಗುಣವನ್ನು ಎಲ್ಲಿಂದ ತರುವುದು? ಇಕ್ರಿಸ್ಯಾಟ್‌ನ ಬೀಜ ಭಂಡಾರದಲ್ಲಿ ಸುಮಾರು 20,000 ಕಡಲೆ ಮಾದರಿಗಳು ತಣ್ಣನೆಯ ಕೋಣೆಗಳಲ್ಲಿವೆ. 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವಿಜ್ಞಾನಿಗಳು 3,366 ಮಾದರಿಗಳ ಜೀನೋಮ್ ಓದಿದರು. ಅವುಗಳಲ್ಲಿ 195 ಕಾಡು ಕಡಲೆಗಳು. ಸಾಗುವಳಿಯ ಕಡಲೆಯ ಮೂಲವೆನಿಸಿದ ಕಾಡು ಸಸ್ಯ ಇಂದಿಗೂ ಟರ್ಕಿಯ ಆಗ್ನೇಯ ಭಾಗದಲ್ಲಿ ಬೆಳೆಯುತ್ತದೆ.

ಈ ಹಿಂಗಾರಿಯಲ್ಲಿ ಮಕ್ಕಳು ಮನೆಯ ಹಿರಿಯರನ್ನು ಕೇಳಲಿ: “ಅಜ್ಜ, ಮೊದಲು ಯಾವ ಕಡಲೆ ಬಿತ್ತುತ್ತಿದ್ದಿರಿ?” ಹಳೆಯ ಬೀಜ ಹಿಡಿಯಷ್ಟಾದರೂ ಉಳಿದಿದ್ದರೆ, ಅದನ್ನು ಹುರಿದು ತಿನ್ನುವ ಮೊದಲು ಸಿರುಗುಪ್ಪ ಅಥವಾ ಹಗರಿಯ ಕೃಷಿ ಸಂಶೋಧನಾ ಕೇಂದ್ರಕ್ಕೊಮ್ಮೆ ತೋರಿಸಲಿ.