ಸೋಲಿಗೂ ಹಣ ಬೇಕು

ಗೌರಿಬಿದನೂರು ತಾಲ್ಲೂಕಿನ ಅಲೀಪುರ ಹರಳು ವ್ಯಾಪಾರಕ್ಕೆ ಹೆಸರಾದ ಊರು. ನೀಲಮಣಿಯ ಮೇಲೆ ಸುಲಭಕ್ಕೆ ಗೀರು ಬೀಳದು, ಆದರೆ ಪೆಟ್ಟು ಬಿದ್ದರೆ ಒಡೆಯಬಹುದು ಎಂಬುದು ಅಲ್ಲಿನ ವ್ಯಾಪಾರಿಗಳಿಗೆ ಹೊಸ ವಿಷಯವಲ್ಲ. ಹರಳಿನ ಇದೇ ಗುಣ ಹಿಂದೊಮ್ಮೆ ಹೃದಯದ ಶಸ್ತ್ರವೈದ್ಯರೊಬ್ಬರಿಗೆ ಸವಾಲಾಗಿತ್ತು.

ಅವರು ಡಾ. ಎಂ.ಎಸ್. ವಲಿಯತ್ತಾನ್. 1993ರಲ್ಲಿ ಮಣಿಪಾಲದ ಉನ್ನತ ಶಿಕ್ಷಣ ಅಕಾಡೆಮಿಯ ಮೊದಲ ಕುಲಪತಿಯಾಗಿ ಬಂದವರು 2024ರಲ್ಲಿ ಮಣಿಪಾಲದಲ್ಲೇ ನಿಧನರಾದರು. ಅದಕ್ಕೂ ಮೊದಲು ಅವರು ಕಟ್ಟಿ ಬೆಳೆಸಿದ್ದು ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯನ್ನು.

ಬಾಲ್ಯದಲ್ಲಿ ಬರುವ ಒಂದು ಬಗೆಯ ಕೀಲುಜ್ವರ ಹೃದಯದ ಕವಾಟವನ್ನು ಕೆಡಿಸುತ್ತದೆ. ಆಗ ಕೃತಕ ಕವಾಟಗಳು ವಿದೇಶದಿಂದ ಬರಬೇಕಿತ್ತು. ಬಡವರ ಕೈಗೆ ಎಟುಕುತ್ತಿರಲಿಲ್ಲ. ನಮ್ಮಲ್ಲೇ ಮಾಡೋಣವೆಂದರೆ ಕೆಲಸ ಸುಲಭವಲ್ಲ. ಕವಾಟ ವರ್ಷಕ್ಕೆ 3.5 ಕೋಟಿಗೂ ಹೆಚ್ಚು ಸಲ ತೆರೆದು ಮುಚ್ಚಬೇಕು. ವಲಿಯತ್ತಾನ್ ತಂಡದ ಮೊದಲ ಮೂರು ಮಾದರಿಗಳೂ ಸೋತವು. ಕೃತಕ ನೀಲಮಣಿಯ ಬಿಲ್ಲೆಯೂ ಒಡೆಯಿತು. ವಿಶೇಷ ಪಾಲಿಎಥಿಲೀನ್ ಬಿಲ್ಲೆಯ ನಾಲ್ಕನೆಯ ಮಾದರಿ ಗೆದ್ದಿತು. 1990ರ ಡಿಸೆಂಬರ್ 6ರಂದು ಅದನ್ನು ಮೊದಲ ಬಾರಿಗೆ ರೋಗಿಯೊಬ್ಬರಿಗೆ ಜೋಡಿಸಲಾಯಿತು.

ಇಷ್ಟು ವರ್ಷಗಳ ಸೋಲಿನ ಖರ್ಚು ಹೊತ್ತವರು ಯಾರು? ಮೊದಲು ಕೇರಳ ಸರ್ಕಾರ. 1980ರಲ್ಲಿ ಸಂಸತ್ತಿನ ಕಾಯ್ದೆಯಿಂದ ಸಂಸ್ಥೆ ಕೇಂದ್ರದ ಆಸರೆಗೆ ಬಂದ ಮೇಲೆ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ. ಆಸ್ಪತ್ರೆ, ಪ್ರಯೋಗಾಲಯ ಎರಡೂ ಒಂದೇ ಸಂಸ್ಥೆಯಲ್ಲಿದ್ದುದರಿಂದ ಶಸ್ತ್ರವೈದ್ಯರು ಚಾಕು ಕೆಳಗಿಡದೆಯೇ ಸಂಶೋಧನೆ ಮಾಡಲು ಸಾಧ್ಯವಾಯಿತು.

ಶಸ್ತ್ರವೈದ್ಯನ ಕಷ್ಟ ಇರುವುದೇ ಇಲ್ಲಿ. ಪ್ರಯೋಗಾಲಯದಲ್ಲೇ ಉಳಿದರೆ ಕೈಯ ಪಳಗು ತಪ್ಪುತ್ತದೆ, ಆದಾಯವೂ ತಪ್ಪುತ್ತದೆ. ಅಮೆರಿಕ ಸರ್ಕಾರದ ಕೆ-08 ಎಂಬ ಅನುದಾನ ಯುವ ವೈದ್ಯರ ಶೇ. 75ರಷ್ಟು ಸಮಯವನ್ನು ಸಂಶೋಧನೆಗೆ ಕಾಯ್ದಿರಿಸುತ್ತದೆ. ಶಸ್ತ್ರವೈದ್ಯರಿಗೆ ಇದನ್ನು ಶೇ. 50ಕ್ಕೆ ಇಳಿಸಲು ಅವಕಾಶವಿದೆ. ಅಂದರೆ ಈ ಹಣ ಕೊಳ್ಳುವುದು ಉಪಕರಣವನ್ನಷ್ಟೇ ಅಲ್ಲ, ಸಮಯವನ್ನು. ಭಾರತದಲ್ಲಿ 2008ರಲ್ಲಿ ಆರಂಭವಾದ ಇಂಡಿಯಾ ಅಲೈಯನ್ಸ್ ಕೂಡ ಸಂಶೋಧನೆಗೆ ಇಳಿಯುವ ವೈದ್ಯರಿಗೆ ಫೆಲೋಶಿಪ್ ನೀಡುತ್ತ ಬಂದಿದೆ.

ವೃತ್ತಿಯ ಮೊದಲ ವರ್ಷಗಳಲ್ಲಿ ಈ ನೆರವು ಸಿಗದಿದ್ದರೆ ಹೆಚ್ಚಿನವರು ಆಪರೇಷನ್ ಕೋಣೆಯಲ್ಲೇ ಉಳಿದುಬಿಡುತ್ತಾರೆ. ಅದು ತಪ್ಪಲ್ಲ, ಅಲ್ಲಿ ಕಾಯುವ ರೋಗಿಗಳಿಗೇನೂ ಕೊರತೆಯಿಲ್ಲ. ಆದರೆ ಒಬ್ಬ ಶಸ್ತ್ರವೈದ್ಯ ತನ್ನ ಕೈಯಿಂದ ಉಳಿಸುವ ಜೀವಗಳಿಗೆ ಮಿತಿಯುಂಟು. ಚಿತ್ರಾ ಕವಾಟ ತಲುಪಿದ್ದು ಸಾವಿರಾರು ಜನರನ್ನು. ಗೆದ್ದ ಕವಾಟವನ್ನು ತಯಾರಿಸಲು ಕಂಪನಿ ಮುಂದೆ ಬಂತು. ಬಿಲ್ಲೆ ಒಡೆದ ಮರುದಿನ ಜೊತೆಗೆ ನಿಂತದ್ದು ಸಾರ್ವಜನಿಕರ ಹಣ.