ಏಳುಕೊಳ್ಳದ ಗುಡ್ಡದಲ್ಲಿ ದೇವಿಯೂ ವಿಧವೆಯಾಗುತ್ತಾಳೆ!

ದೇವಿಯ ತಾಳಿ ತೆಗೆಯುತ್ತಾರೆ! ಕೊರಳಿನ ಮಂಗಳಸೂತ್ರ, ಕೈಯ ಕಂಕಣ ಎರಡನ್ನೂ. ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ ಹೀಗೊಂದು ವಿಧಿ ನಡೆಯುತ್ತದೆಂದು ಕೇಳಿದಾಗ ನನಗೆ ನಂಬುವುದೇ ಕಷ್ಟವಾಯಿತು. ಬೇಡಿದ್ದನ್ನು ಕೊಡುವವಳೆಂದು ಊರೂರಿನ ಜನ ಹರಕೆ ಹೊತ್ತು ಬರುವ ತಾಯಿ, ಅದೇ ಜನರ ಕಣ್ಣೆದುರು ಗಂಡನನ್ನು ಕಳೆದುಕೊಳ್ಳುತ್ತಾಳೆ. ದೇವಿಯ ಸೇವೆಗೆ ಮುಡಿಪಾದ ಜೋಗತಿಯರು ತಮ್ಮ ಕೈಬಳೆಯನ್ನೂ ಒಡೆದುಕೊಳ್ಳುತ್ತಾರೆ.

ಅಲ್ಲಿಂದ ಎರಡು ತಿಂಗಳು ಗುಡ್ಡಕ್ಕೆ ಸೂತಕ. ಆದರೆ ನೋಡಿ, ನಡುವಿನ ಪುಷ್ಯದಲ್ಲಿ ಬನದ ಹುಣ್ಣಿಮೆ ಬರುತ್ತದೆ. ಲಕ್ಷ ಲಕ್ಷ ಜನ ಸೇರುವ ಜಾತ್ರೆ ಅದು. ದೇವಿ ತಾಳಿಯಿಲ್ಲದೆ ಕುಳಿತಿರುವ ದಿನಗಳಲ್ಲೇ! ವಿಧವೆ ಎದುರಿಗೆ ಬಂದರೆ ಅಪಶಕುನವೆಂದು ದಾರಿ ಬದಲಿಸಿದ ನಾಡಿನಲ್ಲಿ, ವಿಧವೆಯಾದ ದೇವಿಯ ಮುಖ ನೋಡಲು ದಿನಗಟ್ಟಲೆ ಚಕ್ಕಡಿ ಹೊಡೆದುಕೊಂಡು ಬರುತ್ತಾರೆ. ಮಾಘದ ಭಾರತ ಹುಣ್ಣಿಮೆಗೆ ಮತ್ತೆ ತಾಳಿ, ಮತ್ತೆ ಹಸಿರು ಬಳೆ. ಅವಳು ಮುತ್ತೈದೆಯಾದಳೆಂದು ಇಡೀ ಗುಡ್ಡ ಉಧೋ ಉಧೋ ಎಂದು ಕೂಗುತ್ತದೆ. ಚೈತ್ರಕ್ಕೆ ದವನದ ಹುಣ್ಣಿಮೆ. ಹೀಗೆ ಹುಣ್ಣಿಮೆಯಿಂದ ಹುಣ್ಣಿಮೆಗೆ ಒಬ್ಬ ಹೆಣ್ಣಿನ ಬದುಕಿನ ಕಥೆ ಪ್ರತಿ ವರ್ಷ ಹೊಸದಾಗಿ ನಡೆದುಹೋಗುತ್ತದೆ.

ಬೆಳಗಾವಿ ಜಿಲ್ಲೆಯ ಸವದತ್ತಿ ಸಾಮಾನ್ಯ ಊರಲ್ಲ. ಸುಗಂಧವರ್ತಿ ಎಂಬ ಹೆಸರಿನಲ್ಲಿ ರಟ್ಟರ ರಾಜಧಾನಿಯಾಗಿದ್ದ ಊರು. ಧಾರವಾಡದಿಂದ ಸುಮಾರು 40 ಕಿ.ಮೀ. ಇಲ್ಲಿಂದ ಇನ್ನೊಂದೈದು ಕಿ.ಮೀ. ಹೋದರೆ ಗುಡ್ಡ. ಸುತ್ತ ಕೊಳ್ಳಗಳು, ಅದಕ್ಕೇ ಅವಳು ಏಳುಕೊಳ್ಳದ ಯಲ್ಲಮ್ಮ. ಈಗಿನ ಗುಡಿಯನ್ನು 1514ರಲ್ಲಿ ರಾಯಬಾಗದ ಬೊಮ್ಮಪ್ಪ ನಾಯಕ ಕಟ್ಟಿಸಿದನೆಂದು ಹೇಳುತ್ತಾರೆ. ದೇವಿಯ ಕಥೆ ಅದಕ್ಕಿಂತ ಎಷ್ಟೋ ಹಳೆಯದು.

ಆ ಕಥೆ ನಮಗೆಲ್ಲ ಗೊತ್ತು ಎಂದುಕೊಂಡಿರುತ್ತೇವೆ. ಯಲ್ಲಮ್ಮನೆಂದರೆ ರೇಣುಕೆ. ಜಮದಗ್ನಿ ಮುನಿಯ ಹೆಂಡತಿಯಾದ ಅವಳು ದಿನವೂ ಮಲಪ್ರಭೆಯ ದಂಡೆಗೆ ಹೋಗಿ, ಹಸಿ ಮರಳಿನಲ್ಲೇ ಕೊಡ ಮಾಡಿ, ಹಾವನ್ನು ಸಿಂಬೆ ಸುತ್ತಿ ತಲೆಯ ಮೇಲಿಟ್ಟು ನೀರು ತರುತ್ತಿದ್ದಳು. ಒಂದು ದಿನ ಗಂಧರ್ವರ ಜಲಕ್ರೀಡೆ ನೋಡಿ ಮನಸ್ಸು ಒಂದು ಕ್ಷಣ ಅತ್ತ ಹರಿಯಿತು. ಕೊಡ ಕಟ್ಟಲಿಲ್ಲ, ಹಾವು ಹರಿದುಹೋಯಿತು. ಗಂಡ ಶಪಿಸಿದ, ಮೈತುಂಬ ರೋಗ. ಕೊನೆಗೆ ಮಗ ಪರಶುರಾಮನ ಕೈಯ ಕೊಡಲಿ. ಪಠ್ಯಪುಸ್ತಕದ ಕಥೆ ತಾಯಿಯ ತಲೆ ಕಡಿದ ಮಗನ ಪಿತೃಭಕ್ತಿಯಲ್ಲಿ ಮುಗಿದುಬಿಡುತ್ತದೆ. ಗುಡ್ಡದ ಕಥೆ ಅಲ್ಲಿಗೆ ಮುಗಿಯುವುದಿಲ್ಲ! ಇಲ್ಲಿ ಅವಳು ಕಾಡು ಸೇರುತ್ತಾಳೆ, ಎಕ್ಕಯ್ಯ ಜೋಗಯ್ಯರೆಂಬ ಸಾಧುಗಳು ಅವಳಿಗೆ ದಾರಿ ತೋರಿಸುತ್ತಾರೆ, ಬಾವಿಯ ನೀರಿನಲ್ಲಿ ಮಿಂದು ರೋಗ ಕಳೆದುಕೊಳ್ಳುತ್ತಾಳೆ, ಜೋಗ ಬೇಡುತ್ತಾಳೆ. ಸತ್ತು ಮತ್ತೆ ಎದ್ದು ಬರುತ್ತಾಳೆ. ಕಾರ್ತವೀರ್ಯ ರಾಜನ ಕಡೆಯವರಿಂದ ಗಂಡ ಹತನಾದಾಗ ವಿಧವೆಯಾಗುತ್ತಾಳೆ. ಶಾಪ, ರೋಗ, ಭಿಕ್ಷೆ, ಸಾವು, ವೈಧವ್ಯ ಎಲ್ಲವನ್ನೂ ಉಂಡವಳೇ ಈ ಗುಡ್ಡದ ಒಡತಿ!

ಭಕ್ತರು ಆ ಕಥೆಯನ್ನು ಕಾಲಿನಿಂದಲೇ ನಡೆಯುತ್ತಾರೆ. ನೇರ ಗುಡಿಗೆ ಹೋಗುವುದಿಲ್ಲ. ಮೊದಲು ಸವದತ್ತಿಯ ಹತ್ತಿರದ ಜೋಗುಳಬಾವಿ. ದೇವಿ ಮಿಂದು ಗುಣವಾದ ನೀರು ಅದೇ ಎಂಬ ನಂಬಿಕೆ. ಅಲ್ಲಿ ಸ್ನಾನ ಮಾಡಿ, ಅಲ್ಲಿನ ದೇವತೆ ಸತ್ಯವ್ವನಿಗೆ ಕೈಮುಗಿದು, ಆಮೇಲೆ ಗುಡ್ಡ. ಮೇಲೆ ಎಣ್ಣೆಹೊಂಡದಲ್ಲಿ ಇನ್ನೊಮ್ಮೆ ಮುಳುಗು. ಒದ್ದೆ ಸೀರೆಯಲ್ಲೇ ಗುಡಿಯತ್ತ ಓಡುವ ಅಜ್ಜಿಯರು, ಹೆಗಲ ಮೇಲಿನ ಕೂಸಿಗೂ ಉಧೋ ಹೇಳಿಸುವ ಅಪ್ಪಂದಿರು, ಗಾಳಿಗೆಲ್ಲ ಭಂಡಾರದ, ಅಂದರೆ ಅರಿಶಿನ ಪುಡಿಯ ಹಳದಿ! ನೆಲ ಹಳದಿ, ಹಣೆ ಹಳದಿ, ಜೂಲ ಹೊದ್ದು ಕೋಡಣಸು ತೊಟ್ಟ ಎತ್ತುಗಳ ಬೆನ್ನೂ ಹಳದಿ. ಗುಡಿಯ ಬಳಿ ಪರಶುರಾಮನ ಗುಡಿಯೂ ಇದೆ, ತಲೆ ಕಡಿಸಿದ ಜಮದಗ್ನಿಯದೂ ಇದೆ. ಮೂವರೂ ಒಂದೇ ಗುಡ್ಡದಲ್ಲಿ, ಆದರೆ ಇಡೀ ಗುಡ್ಡ ಯಲ್ಲಮ್ಮನದು.

ಪಡ್ಲಿಗಿ ತುಂಬಿಸುವುದನ್ನು ಮಾತ್ರ ನಿಂತು ನೋಡಲೇಬೇಕು. ಬಯಲಿನಲ್ಲಿ ಮೂರು ಕಲ್ಲಿನ ಒಲೆ ಹೂಡಿ ಮನೆಮಂದಿಯೆಲ್ಲ ಅಡುಗೆಗೆ ಕೂರುತ್ತಾರೆ. ಹೋಳಿಗೆ, ಕಡಬು, ಊರಿನಿಂದ ಕಟ್ಟಿ ತಂದ ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ, ಅನ್ನ. ಬಿದಿರಿನ ಬುಟ್ಟಿಗಳಾದ ಪಡ್ಲಿಗಿಗಳನ್ನು ಸಾಲಾಗಿಟ್ಟು, ಒಂದೊಂದರಲ್ಲೂ ಎಲ್ಲ ಪದಾರ್ಥ ಬಡಿಸಿ, ಮೇಲೆ ಭಂಡಾರ ಎರಚಿ ಜೋಗತಿಯರನ್ನು ಕರೆಯುತ್ತಾರೆ. ಅವರು ಹಾಡಿ ಉಧೋ ಎಂದ ಮೇಲೆಯೇ ಊಟ. ಪಕ್ಕದ ಚಕ್ಕಡಿಯವರು ಯಾವ ಊರು, ಯಾವ ಜಾತಿ ಎಂದು ಕೇಳುವ ಮೊದಲೇ ಅವರ ಕೈಗೂ ಒಂದು ಹೋಳಿಗೆ ಬಂದಿರುತ್ತದೆ. ಕೊಲ್ಹಾಪುರದ ಕಡೆಯ ಮರಾಠಿ ಕುಟುಂಬ, ಕಲಬುರಗಿ ಕಡೆಯ ಕನ್ನಡ ಕುಟುಂಬ ಒಂದೇ ನೆರಳಿನಲ್ಲಿ!

ಮತ್ತೆ ಆ ಚೌಡಿಕೆ! ಅಷ್ಟು ಸಣ್ಣ ವಾದ್ಯದಿಂದ ಅಷ್ಟು ದೊಡ್ಡ ನಾದ ಬರುವುದೆಂದರೆ! ಮರದ ಕೊಳವೆಯ ಒಂದು ಬಾಯಿಗೆ ಚರ್ಮ ಬಿಗಿದಿರುತ್ತದೆ. ಚರ್ಮದ ನಡುವಿನಿಂದ ಹೊರಟ ಒಂದೇ ತಂತಿ. ಕೊಳವೆಯನ್ನು ಕಂಕುಳಿಗೆ ಒತ್ತಿಕೊಂಡು ತಂತಿ ಬಿಗಿದು ಸಡಿಲಿಸುತ್ತ ಮೀಟಿದರೆ ನಾದ ಏರುತ್ತದೆ, ಇಳಿಯುತ್ತದೆ, ಮನುಷ್ಯರ ಹಾಗೆ ಬಿಕ್ಕುತ್ತದೆ. ನುಡಿಸುವವರಲ್ಲಿ ಜೋಗಪ್ಪಂದಿರೂ ಇರುತ್ತಾರೆ. ಗಂಡಾಗಿ ಹುಟ್ಟಿ ಸೀರೆ ಉಟ್ಟು, ದೇವಿಯ ಕೊಡ ಹೊತ್ತವರು. ಮನೆಯವರು ಹೊರಗಟ್ಟಿದವರನ್ನು, ಹೊರಗಟ್ಟಿಸಿಕೊಂಡ ದೇವಿಯೇ ಕರೆದು ಕೂರಿಸಿಕೊಂಡಿದ್ದಾಳೆ. ಇಂಥವರಲ್ಲೊಬ್ಬರಾದ, ಜೋಗತಿ ನೃತ್ಯದ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದಾಗ, 2021ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಾಡು ಬೆರಗಾಯಿತು. ಯಲ್ಲಮ್ಮನ ಭಕ್ತರಿಗೆ ಆ ಘನತೆ ಹೊಸದೇನಲ್ಲ.

ಈ ಬೆರಗಿನ ನಡುವೆ ಹೇಳಲೇಬೇಕಾದ ನೋವೂ ಇದೆ. ಇದೇ ದೇವಿಯ ಹೆಸರಿನಲ್ಲಿ ಬಡವರ, ಅದರಲ್ಲೂ ದಲಿತರ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಬಿಟ್ಟರು. ಅದು ಮನುಷ್ಯರು ಮಾಡಿದ ಅನ್ಯಾಯ. ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ಈ ಭಾಗಕ್ಕೆ 1934ರಲ್ಲೇ ಅದನ್ನು ತಡೆಯುವ ಕಾಯ್ದೆ ಬಂತು, ರಾಜ್ಯದ ಕಾಯ್ದೆ 1982ರಲ್ಲಿ. ಮುತ್ತು ಕಟ್ಟಿಸಿಕೊಂಡ ಎಷ್ಟೋ ಮಂದಿ ಈಗ ಮುಪ್ಪಿನಲ್ಲಿದ್ದಾರೆ. ಗುಡ್ಡದ ಹಾಡುಗಳಲ್ಲಿ ಬಹಳಷ್ಟು ಅವರ ಕೊರಳಿನಲ್ಲೇ ಉಳಿದಿವೆ.

ಗುಡ್ಡದ ಸೀಮೆಯಲ್ಲಿ ಇನ್ನೊಂದು ಸೋಜಿಗ ಕಾದಿದೆ. ನವಿಲುತೀರ್ಥದ ಬಳಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದ್ದಾರೆ. ಕಣ್ಣು ಹಾಯುವವರೆಗೆ ನೀರೋ ನೀರು. ಆ ಜಲಾಶಯದ ಹೆಸರು ರೇಣುಕಾಸಾಗರ! ಒಂದು ಕೊಡ ನೀರು ತರಲಿಲ್ಲವೆಂದು ಶಾಪ ಉಂಡವಳ ಹೆಸರಿನಲ್ಲಿ ಇಷ್ಟು ದೊಡ್ಡ ನೀರು. ಹುಬ್ಬಳ್ಳಿ-ಧಾರವಾಡದ ನಲ್ಲಿಗಳಿಗೂ ಇದೇ ಮಲಪ್ರಭೆ ಹರಿಯುತ್ತಾಳೆ.

ಹೋಗುವವರು ಮಂಗಳವಾರ, ಶುಕ್ರವಾರಗಳ ನೂಕುನುಗ್ಗಲಿಗೆ ಸಿದ್ಧರಾಗಿ ಹೋಗಿ. ಜೋಗುಳಬಾವಿ ಬಿಟ್ಟು ನೇರ ಗುಡಿಗೆ ಹೋಗಬೇಡಿ. ದರ್ಶನ ಮುಗಿಸಿ ಗಡಿಬಿಡಿಯಲ್ಲಿ ಬಸ್ಸು ಹತ್ತದೆ, ಮರದ ಕೆಳಗೆ ಚೌಡಿಕೆ ಹಿಡಿದು ಕೂತ ಒಬ್ಬ ಮುದುಕಿಯ ಮುಂದೆ ಕೂತು ಒಂದು ಹಾಡು ಪೂರ್ತಿ ಕೇಳಿ. ಅವರು ಒಪ್ಪಿದರೆ ಮೊಬೈಲಿನಲ್ಲಿ ಹಿಡಿದಿಡಿ, ಹಾಡಿನ ಗೌರವಕ್ಕೆ ತಕ್ಕಷ್ಟು ಕೈಗೆ ಕೊಡಿ. ಈ ಹಾಡುಗಳಲ್ಲಿ ಎಷ್ಟೋ ಇನ್ನೂ ಯಾರೂ ಬರೆದುಕೊಳ್ಳದವು.